ಬಾಯ್ಲರ್ ಸಾಹೇಬರು ಮೋಕಾ ಕಾಫಿ ಮಾಡಿದ್ದು

“ಆವಿ ನನ್ನ ಮಾತು ಕೇಳುತ್ತೆ ಕಣೇ. ಮನೆಯವರು ಕೇಳದೇ ಇರಬಹುದು, ಆವಿ ಕೇಳುತ್ತೆ.”

ಬಾಯ್ಲರ್ ಸಾಹೇಬರು ಹೀಗೆ ಘೋಷಿಸಿದ್ದು ತಮ್ಮ ಅಡುಗೆಮನೆಯ ನಟ್ಟನಡುವೆ ನಿಂತು. ಅವರ ಅಂಗೈ ಮೇಲೆ ಒಂದು ಮೋಕಾ ಪಾಟ್ ಇತ್ತು. ಕೆಳಗೆ ನೀರಿನ ಕೋಣೆ, ನಡುವೆ ಕಾಫಿಪುಡಿ ತುಂಬುವ ಜರಡಿ, ಮೇಲೆ ಕಾಫಿ ಉಕ್ಕಿ ಬಂದು ನಿಲ್ಲುವ ಮೂತಿಯ ಪಾತ್ರೆ. ಸೊಂಟ ಸಣ್ಣಗೆ, ಮೈಯೆಲ್ಲ ಮೂಲೆ ಮೂಲೆ, ಪಕ್ಕಕ್ಕೊಂದು ಕರೀ ಹಿಡಿ. ದಂತವೈದ್ಯೆಯಾದ ಮಗಳು ಅಪ್ಪನ ನಿವೃತ್ತಿಗೆಂದು ತಂದುಕೊಟ್ಟ ಉಡುಗೊರೆ. ಕೆಳಗಿನ ನೀರು ಕಾದು, ಆವಿಯ ಒತ್ತಡಕ್ಕೆ ಪುಡಿಯೊಳಗಿಂದ ಮೇಲೇರಿ ಕಾಫಿಯಾಗುತ್ತದೆ ಎಂದು ಆಕೆ ವಿವರಿಸಲು ಹೊರಟಾಗ ಸಾಹೇಬರು ಕೈಯೆತ್ತಿ ತಡೆದರು.

“ನನಗೆ ಹೇಳ್ಕೊಡ್ತೀಯೇನಮ್ಮಾ? ಇದು ಬಾಯ್ಲರ್ರು. ಇನ್ನೂ ಹಾಲುಹಲ್ಲಿನ ಬಾಯ್ಲರ್ರು, ಅಷ್ಟೆ.”

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಕಾರ್ಖಾನೆಗಳ ಬಾಯ್ಲರುಗಳನ್ನು ತಪಾಸಣೆ ಮಾಡುವುದರಲ್ಲೇ ಅವರ ತಲೆಗೂದಲು ನರೆತಿತ್ತು. ಮನೆಯಷ್ಟು ದೊಡ್ಡ ಬಾಯ್ಲರುಗಳು ಅವರ ಬೂಟಿನ ಸದ್ದು ಕೇಳಿದರೆ ಬೆವರುತ್ತಿದ್ದವಂತೆ. ವರ್ಷಗಟ್ಟಲೆ ಸೋರುತ್ತಿದ್ದ ಒಂದು ಹಳೇ ಬಾಯ್ಲರ್, ಗೇಟಿನ ಹತ್ತಿರ ಇವರು ಕೆಮ್ಮಿದ್ದು ಕೇಳಿಯೇ ಸೋರುವುದನ್ನು ನಿಲ್ಲಿಸಿತಂತೆ. ಇದನ್ನು ಹೇಳಿದವರು ಸಾಹೇಬರೇ. ಬಾಯ್ಲರಿನ ಕಡೆಯ ಹೇಳಿಕೆ ನಮಗೆ ಸಿಕ್ಕಿಲ್ಲ.

ಇಂಥ ಮನುಷ್ಯ ನಿವೃತ್ತರಾಗಿ ಮನೆಯಲ್ಲಿ ಕೂತಾಗ ಒಂದು ವಿಚಿತ್ರ ಸಂಗತಿ ಅವರ ಗಮನಕ್ಕೆ ಬಂತು. ಬೆಳಗಾದರೆ ಹೆಂಡತಿ ಮನೆಯಲ್ಲಿರುತ್ತಿರಲಿಲ್ಲ. ಡಬ್ಬಿಯ ಪುಡಿಯನ್ನು ಬಿಸಿನೀರಿಗೆ ಕಲಕಿ ಗಂಡನ ಮುಂದಿಟ್ಟು, ಚಪ್ಪಲಿ ಮೆಟ್ಟಿ ಕೆಳಮನೆಯ ಟೈಲರಮ್ಮನ ಹತ್ತಿರ ಕಾಫಿಗೆ ಇಳಿದುಬಿಡುತ್ತಿದ್ದರು. ಹೋದವರು ಬಿಸಿಲು ಮೆಟ್ಟಿಲು ಹತ್ತಿದ ಮೇಲೇ ಮೆಟ್ಟಿಲು ಹತ್ತುತ್ತಿದ್ದರು. ಅಲ್ಲಿಯವರೆಗೆ ಸಾಹೇಬರು ಖಾಲಿ ಕುರ್ಚಿಯ ಎದುರು ಕೂತು, ನೀರು ಎಷ್ಟು ಕಾದರೆ ಒತ್ತಡ ಎಷ್ಟಾಗುತ್ತದೆ ಎಂಬುದನ್ನು ಸಕ್ಕರೆ ಡಬ್ಬಿಗೆ ವಿವರಿಸುತ್ತಿದ್ದರು. ಡಬ್ಬಿ ಬಹಳ ಸಂಯಮದಿಂದ ಕೇಳುತ್ತಿತ್ತು. ಆದರೂ ಡಬ್ಬಿ ಡಬ್ಬಿಯೇ. ಎದುರಿನ ಆ ಕುರ್ಚಿ ತುಂಬಬೇಕು, ಅದೊಂದೇ ಅವರ ಆಸೆ. ಹೆಂಡತಿಯನ್ನು ಕೆಳಕ್ಕೆ ಎಳೆಯುತ್ತಿರುವುದು ಟೈಲರಮ್ಮನ ಕಾಫಿ ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ.

“ಒಂದು ವಾರ ಟೈಮು ಕೊಡು. ಆಮೇಲೆ ನೀನು ಕೆಳಗಿಳಿಯೋದಿರಲಿ, ಟೈಲರಮ್ಮನೇ ಲೋಟ ಹಿಡ್ಕೊಂಡು ಮೇಲೆ ಬರ್ತಾರೆ.”

ಹೆಂಡತಿ ಒಗೆದ ಟವೆಲು ಮಡಿಸುತ್ತಿದ್ದವರು ತಲೆ ಎತ್ತಲಿಲ್ಲ. “ಭಾನುವಾರದ ಒಳಗೆ, ನಾನು ಲೋಟದ ತಳ ಕಾಣೋವರೆಗೆ ಕುಡಿಯೋ ಅಂಥ ಕಾಫಿ ಮಾಡಿದ್ರೆ ಕೆಳಗೆ ಹೋಗೋದು ಬಿಡ್ತೀನಿ. ಆಗ್ಲಿಲ್ವೋ, ಆ ಪಾತ್ರೆ ಟೈಲರಕ್ಕಂಗೆ ಕೊಟ್ಟುಬಿಡ್ಬೇಕು. ನಾನು ಇಳಿದು ಹೋದ್ರೆ ಮುಖ ಊದಿಸ್ಕೊಂಡು ಕೂರ್ಬಾರ್ದು.”

“ಒಪ್ಪಿದೆ,” ಎಂದರು ಸಾಹೇಬರು, ಕಾರ್ಖಾನೆಯೊಂದಕ್ಕೆ ಬೀಗ ಹಾಕಿಸುವ ಗತ್ತಿನಲ್ಲಿ.

ಮೊದಲ ಪ್ರಯೋಗದ ದಿನ ಅಡುಗೆಮನೆ ಸರ್ಕಾರಿ ತಪಾಸಣೆಯ ಕಳೆ ಪಡೆಯಿತು. ಸಾಹೇಬರು ಹಳೇ ಖಾಕಿ ಕೋಟು ತೊಟ್ಟು, ಕಣ್ಣಿಗೆ ದಪ್ಪ ಗಾಗಲ್ಸ್ ಏರಿಸಿದರು. ಹೆಂಡತಿ, ಮಗಳು ಬಾಗಿಲಾಚೆ ನಿಲ್ಲಬೇಕೆಂದು ಆಜ್ಞೆಯಾಯಿತು. ಪಾಟಿನ ಕೆಳಭಾಗದಲ್ಲಿದ್ದ ಮೆಣಸಿನ ಕಾಳಿನಷ್ಟು ಸುರಕ್ಷತಾ ವಾಲ್ವನ್ನು ಭೂತಗನ್ನಡಿಯಲ್ಲಿ ನೋಡಿ, “ಪರವಾಗಿಲ್ಲ, ಮನೆತನ ಒಳ್ಳೇದೇ” ಎಂದರು. ಬೀಜವನ್ನು ಪೌಡರಿನಷ್ಟು ನುಣ್ಣಗೆ ಪುಡಿಮಾಡಿದರು. ಬಾಯ್ಲರಿನಲ್ಲಿ ಸಂದು ಬಿಡುವುದೆಂದರೆ ಅವರಿಗೆ ಆಗದು. ಆದ್ದರಿಂದ ಪುಡಿಯನ್ನು ಲಟ್ಟಣಿಗೆಯ ತುದಿಯಿಂದ ಕುಟ್ಟಿ ಕುಟ್ಟಿ, ಅದರ ಮೇಲೆ ಲಾರಿ ಹೋದರೂ ತಗ್ಗದಂತೆ ಗಟ್ಟಿಮಾಡಿದರು. ಉರಿಯನ್ನು ಪೂರ್ತಿ ತಿರುಗಿಸಿದರು.

ಪಾಟು ಮೊದಲು ಸುಮ್ಮನಿತ್ತು. ಆಮೇಲೆ ಸಣ್ಣಗೆ ನಡುಗಿತು. ಕಾಫಿ ಮೇಲೆ ಬರಲು ಸೂಜಿಮೊನೆಯಷ್ಟು ದಾರಿಯೂ ಸಿಗದೆ, ಆವಿ ವಾಲ್ವಿನಿಂದ ಸುಂಯ್ಯೆಂದು ಹೊರಬಿದ್ದು ಎದುರಿನ ಗೋಡೆಯ ಕ್ಯಾಲೆಂಡರನ್ನು ಮೂರು ತಿಂಗಳು ಮುಂದಕ್ಕೆ ಹಾರಿಸಿತು. ಗಾಗಲ್ಸ್ ಮಂಜುಗಟ್ಟಿ ಸಾಹೇಬರಿಗೆ ಒಲೆ ಎಲ್ಲಿ, ಗೋಡೆ ಎಲ್ಲಿ ಕಾಣದಾಯಿತು. ಬಾಗಿಲ ಕಡೆಗೆಂದುಕೊಂಡು ಫ್ರಿಜ್ಜಿನ ಕಡೆ ತಿರುಗಿ, ಅದಕ್ಕೇ ಎದೆಯುಬ್ಬಿಸಿ ಹೇಳಿದರು:

“ನೋಡಿದ್ಯಾ? ವಾಲ್ವು ಎಷ್ಟು ಚೆನ್ನಾಗಿ ಕೆಲಸ ಮಾಡ್ತು.”

“ಮಾಡ್ತು ರೀ,” ಎಂದಿತು ಹೆಂಡತಿಯ ದನಿ, ಬೆನ್ನ ಹಿಂದಿನಿಂದ. “ಕಾಫಿ?”

“ಕಾಫಿ ಬೇರೆ ವಿಷಯ.”

ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಯಿತು.

ಮರುದಿನ ಪುಡಿ ತರಿತರಿಯಾಗಿತ್ತು, ಲಟ್ಟಣಿಗೆ ತನ್ನ ಜಾಗದಲ್ಲಿತ್ತು. ಆದರೆ ಪಾಟಿನ ಸೊಂಟದಲ್ಲಿ, ಎರಡು ಭಾಗ ಸೇರುವ ಕಡೆ, ಒಂದು ಹನಿ ನೀರು ಗುಳ್ಳೆಯಾಗಿ ಮೂಡಿ ಚಟ್ಟೆಂದು ಒಡೆಯಿತು. ಸೋರಿಕೆ! ಸಾಹೇಬರ ಮುಖ ಕೆಂಪಾಯಿತು. ಬೇರೆಯವರ ಮನೆಯಲ್ಲಾದರೆ ಅದು ಒಂದು ಹನಿ ನೀರು. ಬಾಯ್ಲರ್ ಸಾಹೇಬರ ಮನೆಯಲ್ಲಿ ಅದು ವಂಶಕ್ಕೇ ಕಳಂಕ. ಒಲೆ ಆರಿಸಿ, ಪಾಟು ತಣ್ಣಗಾದ ಮೇಲೆ, ಮಂಚದಡಿಯ ಪೆಟ್ಟಿಗೆಯಿಂದ ಮೊಳದುದ್ದದ ಪೈಪ್ ರೆಂಚು ತಂದರು. ಪಾಟಿಗೆ ಬಟ್ಟೆ ಸುತ್ತಿ, ಮೊಣಕಾಲ ನಡುವೆ ಸಿಕ್ಕಿಸಿ, ಹಲ್ಲು ಕಚ್ಚಿ ತಿರುಗಿಸಿದರು. ಹಡಗಿನ ಬಾಯ್ಲರಿಗೂ ಅಷ್ಟು ಬಿಗಿ ಬೇಕಾಗುವುದಿಲ್ಲ.

ಈ ಸಲ ಒಂದು ಹನಿಯೂ ಸೋರಲಿಲ್ಲ. ಕಾಫಿ ಮೇಲೆ ಬಂತು. ಸಾಹೇಬರು ಕಣ್ಣಲ್ಲಿ ನೀರು ತುಂಬಿಕೊಂಡು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಹೆಂಡತಿ ಒಂದು ಗುಟುಕು ಕುಡಿದು, ಅದನ್ನು ಬಾಯಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಚಾವಣಿ ನೋಡಿದರು.

“ರೀ, ಇದರಲ್ಲಿ ಏನು ಹಾಕಿದ್ರಿ?”

“ಕಾಫಿ, ನೀರು. ಇನ್ನೇನು?”

“ಬೀಗದಕೈ ಚೀಪಿದ ಹಾಗಿದೆ.”

ವಿಚಾರಣೆಯಾದಾಗ ವಿಷಯ ಹೊರಬಿತ್ತು. ಬಾಯ್ಲರಿನೊಳಗೆ ಕಲೆ ಕಟ್ಟಿರಬಾರದೆಂಬ ನಿಯಮದಂತೆ ಸಾಹೇಬರು ಹಿಂದಿನ ರಾತ್ರಿ ಆ ಅಲ್ಯೂಮಿನಿಯಂ ಪಾಟನ್ನು ವಿನಿಗರ್ ಹಾಕಿ ಸ್ಟೀಲಿನ ನಾರಿನಿಂದ ಉಜ್ಜಿದ್ದರು. ಎಷ್ಟು ಉಜ್ಜಿದ್ದರೆಂದರೆ ಅದರೊಳಗೆ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದಿತ್ತು. ಹೆಂಡತಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟು ಚಪ್ಪಲಿ ಹುಡುಕಿದರು.

“ನಾಳೆ ನೋಡ್ತಿರು,” ಎಂದು ಸಾಹೇಬರು ಪಾಟನ್ನು ತೊಳೆಯಲು ತಿರುಗಿಸಿದರು. ಅದು ಬಿಚ್ಚಲಿಲ್ಲ.

ಬಿಸಿನೀರು ಹುಯ್ದರು. ಬಿಚ್ಚಲಿಲ್ಲ. ಮಂಜುಗಡ್ಡೆಯ ನಡುವೆ ಹೂತರು. ಬಿಚ್ಚಲಿಲ್ಲ. ರೆಂಚು ಹಾಕಲು ಹೋದರೆ ಕರೀ ಹಿಡಿ ಕಳಚಿ ಕೈಗೆ ಬಂತು. ಗುರುವಾರವೆಲ್ಲ ಪಾಟು ಮೇಜಿನ ಮೇಲೆ ಕೈ ಕಳೆದುಕೊಂಡ ಶೂರನಂತೆ ಕೂತಿತ್ತು, ಹೊಟ್ಟೆಯಲ್ಲಿ ಹಳೇ ಗಸಿ ಇಟ್ಟುಕೊಂಡು. ಶುಕ್ರವಾರ ಸಾಹೇಬರು ಹೋಗಲಿ, ಅವರ ನೆರಳೂ ಊಟ ಮಾಡಲಿಲ್ಲ.

ಶನಿವಾರ ಮಗಳಿಗೆ ಮಧ್ಯಾಹ್ನದ ನಂತರ ರಜೆ. ಆಕೆ ತೋಳು ಮಡಚಿಕೊಂಡು ಬಂದು ಅಪ್ಪನ ಎದುರು ನೆಲದ ಮೇಲೆ ಕೂತಳು. ಇಬ್ಬರಿಗೂ ಹಿಡಿತಕ್ಕೆ ಕ್ಲಿನಿಕ್ಕಿನ ರಬ್ಬರ್ ಗ್ಲೌಸು. ನಡುವೆ ಪಾಟನ್ನು ಅಡ್ಡ ಹಿಡಿದು, ಅಪ್ಪ ತಳ ಹಿಡಿದರು, ಮಗಳು ಮೇಲಿನ ಪಾತ್ರೆ ಹಿಡಿದಳು.

“ಕಿಟಕಿ ಕಡೆಗೆ ತಿರುಗಿಸು,” ಎಂದರು ಸಾಹೇಬರು.

ಇಬ್ಬರೂ ಉಸಿರು ಕಟ್ಟಿ ತಿರುಗಿಸಿದರು. ತಿರುಗಿಸುತ್ತಾ ತಿರುಗಿಸುತ್ತಾ ಇಬ್ಬರೂ ಕಿಟಕಿಯ ಕಡೆಗೆ ವಾಲಿ ಧೊಪ್ಪೆಂದು ಒಟ್ಟಿಗೆ ಉರುಳಿದರು. ಎದ್ದು ಕೂತು ಮತ್ತೆ ತಿರುಗಿಸಿದರು, ಮತ್ತೆ ಉರುಳಿದರು.

“ಅಪ್ಪಾ, ದವಡೆ ಹಲ್ಲು ಕೀಳೋದು ಇದಕ್ಕಿಂತ ಸುಲಭ,” ಎಂದಳು ಮಗಳು ಏದುಸಿರು ಬಿಡುತ್ತಾ.

ಮೂರನೇ ಸಲ ಉರುಳಿದ ಸದ್ದಿಗೆ ಕೆಳಮನೆಯ ಟೈಲರಮ್ಮನೇ ಮೇಲೆ ಬಂದರು. ಅವರ ಕಪಾಟಿನ ದಾರದ ಉಂಡೆಗಳೆಲ್ಲ ಕೆಳಗೆ ಬಿದ್ದು ಓಡಾಡುತ್ತಿದ್ದವಂತೆ. ಹೇಗೂ ಬರುತ್ತಿದ್ದೇನಲ್ಲ ಎಂದು ಸಾಹೇಬರಿಗೆ ಹೊಲಿದಿಟ್ಟಿದ್ದ ಬಿಳಿ ಶರಟನ್ನೂ ತೋಳ ಮೇಲೆ ಹಾಕಿಕೊಂಡು ಬಂದಿದ್ದರು. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಬಾಗಿಲಲ್ಲಿ ನಿಂತು “ಹ್ಞೂಂ?” ಎಂದಷ್ಟೇ ಕೇಳಿದರು. ಆಕೆಯ ತುಟಿಗಳ ನಡುವೆ ಗುಂಡುಪಿನ್ನು ಇಲ್ಲದ್ದನ್ನು ಯಾರೂ ನೋಡಿದ್ದಿಲ್ಲ.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಡತಿ ಒಮ್ಮೆ ಇಣುಕಿ ನೋಡಿದರು.

“ಇಬ್ರೂ ಕಿಟಕಿ ಕಡೆಗೇ ತಿರುಗಿಸ್ತಿದ್ದೀರಲ್ಲ. ಒಬ್ರಾದ್ರೂ ಬಾಗಿಲ ಕಡೆಗೆ ತಿರುಗಿಸಿ.”

ಅಪ್ಪ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಹೊತ್ತೂ ಇಬ್ಬರೂ ಸೇರಿ ಪಾಟನ್ನು ಇಡಿಯಾಗಿ ಉರುಳಿಸುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ. ಸಾಹೇಬರು ಬಾಗಿಲ ಕಡೆಗೆ ತಿರುಗಿಸಿದರು. ಫಟ್ಟೆಂದು ಪಾಟು ಬಿಚ್ಚಿಕೊಂಡಿತು, ಒಳಗಿದ್ದ ಜರಡಿ ಫಿರಂಗಿಯ ಗುಂಡಿನಂತೆ ಹಾರಿತು, ಮೂರು ದಿನದ ಗಸಿ ನೇರ ಹೋಗಿ ಬಿಳಿ ಶರಟಿನ ಎದೆಗೆ ಅಪ್ಪಳಿಸಿತು.

ಟೈಲರಮ್ಮ ಬಾಯಿಂದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡರು.

“ನಿಮ್ಮದೇ ಶರಟು ಅಣ್ಣಾ. ಬೇರೆ ಯಾರದ್ದೂ ಅಲ್ಲ,” ಎಂದರು. ಪಿನ್ನುಗಳನ್ನು ಮತ್ತೆ ಬಾಯಿಗಿಟ್ಟುಕೊಂಡು ಇಳಿದುಹೋದರು.

ಭಾನುವಾರ ಬೆಳಗಾಯಿತು. ಗಡುವಿನ ದಿನ. ಎದುರು ಬೀದಿಯ ಬೇಕರಿಯವನು ಷಟರ್ ಎತ್ತಿದ, ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಸಾಹೇಬರು ಕೋಟು ತೊಡಲಿಲ್ಲ. ಮಗಳು ಅಂಟು ಹಾಕಿ, ಬ್ಯಾಂಡೇಜಿನಂತೆ ಪಟ್ಟಿ ಸುತ್ತಿ ಹಿಡಿಯನ್ನು ಕೂರಿಸಿಕೊಟ್ಟಿದ್ದಳು. ಬರೀ ನೀರಿನಲ್ಲಿ ತೊಳೆದ ಪಾಟಿಗೆ ವಾಲ್ವಿನ ಕೆಳಗಿನವರೆಗೆ ನೀರು ತುಂಬಿದರು. ಪುಡಿಯನ್ನು ಜರಡಿಗೆ ಸುಮ್ಮನೆ ಸುರಿದು, ಬೆರಳಿನಿಂದ ಸಮ ಮಾಡಿದರು. ಕೈಯಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟೇ ತಿರುಗಿಸಿದರು. ಉರಿ ಸಣ್ಣಗಿಟ್ಟು, ಮುಚ್ಚಳ ತೆರೆದು, ತೊಟ್ಟಿಲು ಕಾಯುವವರಂತೆ ಕಾದರು.

ಮೂತಿಯ ಒಳಗಿನ ಕೊಳವೆಯಿಂದ ಜೇನಿನ ಬಣ್ಣದ ಕಾಫಿ ಸದ್ದಿಲ್ಲದೆ ಉಕ್ಕತೊಡಗಿತು. ಮನೆಯೆಲ್ಲ ಘಮ. ಸಾಹೇಬರ ನಲವತ್ತು ವರ್ಷದ ಸೇವೆಯಲ್ಲಿ ಆವಿ ಇಷ್ಟು ಸೌಜನ್ಯದಿಂದ ನಡೆದುಕೊಂಡಿರಲಿಲ್ಲ. ಆದರೆ ಅಧಿಕಾರಿಯಾದವನು ತಪಾಸಣೆ ಮಾಡದೆ ಏನನ್ನಾದರೂ ಹೊರಬಿಡುವುದುಂಟೇ? ಒಂದು ಚಮಚ ತೆಗೆದು, ಕುದಿಕುದಿಯುತ್ತಿದ್ದುದನ್ನು ಸೊರ್ರೆಂದು ಬಾಯಿಗೆ ಸೆಳೆದರು.

ಆಮೇಲೆ ಅವರ ಬಾಯಿಂದ ಬಂದದ್ದು ಮಾತಲ್ಲ, ಬೇರೇನೋ.

ಮಗಳು ಓಡಿಬಂದು, ಬಾಯಿ ಅಗಲಿಸಿ, ಟಾರ್ಚು ಬಿಟ್ಟು ನೋಡಿದಳು. “ನಾಲಿಗೆ ಚೆನ್ನಾಗಿ ಸುಟ್ಕೊಂಡಿದ್ದೀರಿ. ಎರಡು ದಿನ ಮಾತಾಡೋ ಹಾಗಿಲ್ಲ. ತಣ್ಣಗಿನ ಹಾಲು ಕುಡೀರಿ, ಸುಮ್ನೆ ಕೂತ್ಕೊಳ್ಳಿ.”

ಹೀಗಾಗಿ ಸಾಹೇಬರು ಹೆಂಡತಿಯ ಎದುರು ಲೋಟವಿಟ್ಟು, ತಮ್ಮ ಕುರ್ಚಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತರು. ಹೇಳಬೇಕಾದ್ದು ಎದೆಯಲ್ಲಿ ಒತ್ತಡವಾಗಿ ಏರುತ್ತಿತ್ತು. ಅವರಿಗೆ ವಾಲ್ವಿರಲಿಲ್ಲ.

ಹೆಂಡತಿ ಒಂದು ಗುಟುಕು ಕುಡಿದರು. ಚಾವಣಿ ನೋಡಲಿಲ್ಲ. ಇನ್ನೊಂದು ಗುಟುಕು ಕುಡಿದರು. ಎದುರು ಬೀದಿಯ ಕಡೆ ನೋಡುತ್ತಾ, ಬೇಕರಿಯವನ ಹೆಂಡತಿ ಕಾರು ಓಡಿಸೋದು ಕಲೀತಿದ್ದಾಳಂತೆ ಎಂದರು. ಸಾಹೇಬರು ತಲೆಯಾಡಿಸಿದರು. ತನಗೂ ಈಜು ಕಲಿಯುವ ಆಸೆ ಇದೆ, ಈ ವಯಸ್ಸಿನಲ್ಲಿ ನಗುತ್ತಾರೇನೋ ಎಂದರು. ಸಾಹೇಬರು ನಗಲಿಲ್ಲ. ನೀರಿನ ಬಗ್ಗೆ ಅವರಿಗೆ ಹೇಳುವುದು ಬೇಕಾದಷ್ಟಿತ್ತು, ನಾಲಿಗೆ ಬಿಡಲಿಲ್ಲ. ಆಕೆ ತಂಗಿಯ ಮೊಣಕಾಲು ನೋವಿನ ವಿಷಯ ಹೇಳಿದರು, ಹಿತ್ತಿಲ ತಂತಿಯ ಮೇಲೆ ದಿನಾ ಬಂದು ತನ್ನನ್ನೇ ಬೈಯುವ ಹಕ್ಕಿಯ ವಿಷಯ ಹೇಳಿದರು, ಹೇಳುತ್ತಾ ತಾವೇ ನಕ್ಕರು. ಮದುವೆಯಾದಂದಿನಿಂದ ಆಡದೆ ಉಳಿದಿದ್ದ ಮಾತೆಲ್ಲ ಆ ಒಂದು ಲೋಟದ ಮೇಲೆ ಇಳಿದ ಹಾಗಿತ್ತು. ಸಾಹೇಬರಿಗೆ ತಾವು ಕೂತಿದ್ದು ಯಾವುದೋ ಹೊಸ ಮನೆಯಲ್ಲಿ ಅನ್ನಿಸಿತು, ಅದು ಚೆನ್ನಾಗಿಯೂ ಇತ್ತು.

ಹೆಂಡತಿ ಲೋಟ ಓರೆಮಾಡಿ ತೋರಿಸಿದರು. ತಳ ಕಾಣುತ್ತಿತ್ತು.

ಸಾಹೇಬರು ಮೀಸೆ ತಿರುವಿ, ಹೆಬ್ಬೆರಳನ್ನು ಕೆಳಮನೆಯ ಕಡೆ ತೋರಿಸಿ, ಹೇಗೆ ಎಂಬಂತೆ ಹುಬ್ಬು ಹಾರಿಸಿದರು.

“ಟೈಲರಕ್ಕನ ಕಾಫಿಯಾ? ಅಯ್ಯೋ, ಅದು ಬಟ್ಟೆ ಹಿಂಡಿದ ನೀರು ಕಣ್ರೀ. ಕಾಫಿಗೆ ಯಾರು ಹೋಗ್ತಾರೆ ಅಲ್ಲಿಗೆ? ಅವಳ ಬಾಯಲ್ಲಿ ಯಾವಾಗ್ಲೂ ಗುಂಡುಪಿನ್ನು. ನಾನು ಮಾತಾಡ್ತೀನಿ, ಅವಳು ಹ್ಞೂಂ ಅಂತಾಳೆ. ಅಷ್ಟಕ್ಕೇ ಹೋಗ್ತಿದ್ದೆ.”

ಮೀಸೆಯ ಮೇಲಿದ್ದ ಸಾಹೇಬರ ಕೈ ತಾನಾಗಿ ಕೆಳಗಿಳಿಯಿತು. ಹೆಂಡತಿ ಅದರ ಮೇಲೆ ತಮ್ಮ ಕೈಯಿಟ್ಟರು.

“ಕಾಫಿ ಚೆನ್ನಾಗಿದೆ ರೀ, ನಿಜವಾಗ್ಲೂ. ನಾಲಿಗೆ ಯಾವಾಗ ವಾಸಿಯಾಗುತ್ತಂತೆ?”

ಬುಧವಾರ ವಾಸಿಯಾಯಿತು. ಅಂದು ಬೆಳಿಗ್ಗೆಯೂ ಎದುರಿನ ಕುರ್ಚಿ ತುಂಬಿತ್ತು, ಒಲೆಯ ಮೇಲೆ ಮೋಕಾ ಪಾಟು ಕಾಯುತ್ತಿತ್ತು. ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಈಗ ನೋಡೇ, ನೀರು ಕಾದಾಗ ಒಳಗೆ ಒತ್ತಡ ಅನ್ನೋದು...”

ಹೆಂಡತಿ ಒಂದು ಪುಟ್ಟ ಡಬ್ಬಿಯನ್ನು ಮೇಜಿನ ಮೇಲೆ ಅವರ ಲೋಟದ ಪಕ್ಕಕ್ಕೆ ಸರಿಸಿದರು. ಅದರ ತುಂಬ ಗುಂಡುಪಿನ್ನು.

ಸಾಹೇಬರು ಡಬ್ಬಿ ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಒಲೆಯ ಕಡೆ ತಿರುಗಿದರು. “ನೀನಾದ್ರೂ ಹೇಳಪ್ಪಾ. ಆವಿ ನನ್ನ ಮಾತು ಕೇಳುತ್ತೋ ಇಲ್ವೋ?”

ಪಾಟು ಒಮ್ಮೆ ಗೊರಗೊರನೆ ಗಂಟಲು ಸರಿಮಾಡಿಕೊಂಡು, “ಬುಸ್ಸ್” ಎಂದು, ಸುಮ್ಮನಾಯಿತು.