ಮಂಜುಳಾಳ ಕಂಪ್ಯೂಟರಿಗೆ ನಾನು ಮಾಡಿದ ಸರ್ವೀಸು

ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಸ್ಕೂಟರ್ ಗ್ಯಾರೇಜಿದೆ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಕೈಗೆ ಗ್ರೀಸು ಹಚ್ಚಿಕೊಂಡವನು ನಾನು. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ, ಎದೆಯುಬ್ಬಿಸಿಯೇ ಹೇಳುತ್ತಿದ್ದೇನೆ. ಬೇರೆಯವರು ಕೈಚೆಲ್ಲಿದ ಗಾಡಿ ನನ್ನ ಬಳಿ ಬಂದರೆ, ಸಂಜೆಯೊಳಗೆ ಕೆಮ್ಮಿಕೊಂಡಾದರೂ ಎದ್ದು ನಿಲ್ಲುತ್ತದೆ. ಹೀಗಿರುವಾಗ ಒಂದು ಕಂಪ್ಯೂಟರು ನನ್ನನ್ನೇನು ಮಾಡೀತು ಎಂದು ಅಂದುಕೊಂಡರೆ ಅದರಲ್ಲಿ ತಪ್ಪೇನಿತ್ತು, ನೀವೇ ಹೇಳಿ.

ತಪ್ಪೇನಿತ್ತು ಎಂಬುದೇ ಈ ಬರಹ.

ಚಾಮರಾಜಪುರಂನಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಮಂಜುಳಾ ಬ್ಲೌಸುಗಳಿಗೆ ಕಸೂತಿ ಹಾಕಿಕೊಡುತ್ತಾಳೆ. ಕೈಯಲ್ಲಲ್ಲ, ಮೆಷಿನ್ನಿನಲ್ಲಿ. ಅವಳು ಕಂಪ್ಯೂಟರಿನಲ್ಲಿ ಡಿಸೈನ್ ಬರೆದು ಕೊಟ್ಟರೆ ಸಾಕು, ವೈರಿನ ಆಚೆ ತುದಿಯಲ್ಲಿ ಕೂತ ಎಂಬ್ರಾಯ್ಡರಿ ಮೆಷಿನ್ನು ಟಕಟಕನೆ ಹೊಲಿದುಬಿಡುತ್ತದೆ. ವರ್ಷಗಳಿಂದ ಅವಳು ಕೂತು ಬರೆದ ಡಿಸೈನುಗಳೆಲ್ಲ ಆ ಕಂಪ್ಯೂಟರಿನಲ್ಲೇ ಇದ್ದವು.

ಆ ವಾರ ಪಕ್ಕದ ಬೀದಿಯ ಗಿರಿಜಮ್ಮನವರ ಮಗಳ ಮದುವೆಯ ಬ್ಲೌಸು ಬಂದಿತ್ತು. ಗಿರಿಜಮ್ಮನವರ ತಾಯಿ ದಿನಾ ಬೆಳಗ್ಗೆ ಬಾಗಿಲಿಗೆ ಹಾಕುತ್ತಾರಲ್ಲ ಚುಕ್ಕಿ ರಂಗೋಲಿ, ಅದೇ ತನ್ನ ಎರಡೂ ತೋಳಿನ ಮೇಲೆ ಬೇಕು ಎಂದು ಮದುಮಗಳ ಆಸೆ. ಮಂಜುಳಾ ಆ ಅಜ್ಜಿಯ ಮನೆ ಬಾಗಿಲಲ್ಲೇ ನಿಂತು ನೋಡಿ ಬಂದು, ಕಣ್ಣು ಕೆಂಪಾಗುವವರೆಗೆ ಕೂತು ಅದನ್ನು ಕಂಪ್ಯೂಟರಿಗೆ ಇಳಿಸಿದ್ದಳು. ಒಂದು ತೋಳು ಹೊಲಿದಾಗಿತ್ತು. ಇನ್ನೊಂದು ತೋಳು ಬೋಳಾಗಿತ್ತು. ಮಾರನೇ ದಿನ ಬೆಳಗ್ಗೆ ಗಿರಿಜಮ್ಮ ಬಂದು ಒಯ್ಯಬೇಕು. ಅಷ್ಟರಲ್ಲಿ ಹಸಿರು ದಾರ ಮುಗಿಯಿತು. ತರಲು ಮಂಜುಳಾ ಮಾರ್ಕೆಟ್ಟಿಗೆ ಹೊರಟಳು. ಹೊರಡುವಾಗ, ಕಂಪ್ಯೂಟರು ಈಚೆಗೆ ಬಹಳ ನಿಧಾನವಾಗಿದೆ, ಆನ್ ಮಾಡಿ ಅನ್ನಕ್ಕಿಟ್ಟರೆ ಅನ್ನವೇ ಮೊದಲು ಬೇಯುತ್ತದೆ ಎಂದು ಗೊಣಗಿದಳು.

ಗೊಣಗಿದ್ದು ತನ್ನಷ್ಟಕ್ಕೆ. ನಾನು ಅದನ್ನು ಆರ್ಡರ್ ಎಂದು ತಿಳಿದೆ.

ಅವತ್ತು ಗ್ಯಾರೇಜಿಗೆ ರಜೆ. ಕೈ ಸುಮ್ಮನಿರಲಿಲ್ಲ. ನನ್ನ ಕೆಲಸದ ಪದ್ಧತಿ ಏನೆಂದರೆ, ಸುಸ್ತಾದ ಗಾಡಿ ಬಂದರೆ ಮೊದಲು ಬಿಚ್ಚುವುದು. ಏನು ಕೆಲಸ ಮಾಡುತ್ತದೆಂದು ತಿಳಿಯದ, ವರ್ಷಗಟ್ಟಲೆ ಯಾರೂ ಮುಟ್ಟದ ಸಾಮಾನು ಕಂಡರೆ ತೆಗೆದು ಪಕ್ಕಕ್ಕಿಡುವುದು. ಆಮೇಲೂ ಗಾಡಿ ಓಡಿದರೆ ಆ ಸಾಮಾನು ಬೇಕಿರಲಿಲ್ಲ ಎಂದು ಅರ್ಥ. ಅದೇ ಪದ್ಧತಿಯಲ್ಲಿ ಕಂಪ್ಯೂಟರಿನ ಒಳಗೆ ಕಣ್ಣಾಡಿಸಿದೆ. ವಿಂಡೋಸ್ ಎಂಬ ಹೆಸರಿನ ಒಂದು ಫೋಲ್ಡರು ಗೂಳಿಯಂತೆ ಜಾಗ ಹಿಡಿದು ಮಲಗಿತ್ತು. ಒಳಗೆ ಹೊಕ್ಕರೆ ಸಾವಿರಾರು ಫೈಲು! ಅರ್ಧಕ್ಕರ್ಧ ಹಳೆಯ ತಾರೀಖಿನವು. ಒಂದರಲ್ಲಾದರೂ ರಂಗೋಲಿಯಿಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಮಂಜುಳಾ ಇದನ್ನು ಮುಟ್ಟಿಯೇ ಇಲ್ಲ ಎಂಬುದು ಸ್ಪಷ್ಟವಾಯಿತು. ರೋಗ ಸಿಕ್ಕಿತು!

ಡಿಲೀಟ್ ಒತ್ತಿದೆ. ಇದಕ್ಕೆ ನಿಮಗೆ ಪರ್ಮಿಶನ್ ಇಲ್ಲ ಎಂದಿತು ಕಂಪ್ಯೂಟರು. ನನಗೆ ಮೈ ಉರಿಯಿತು. ಅಂಗಡಿಯಿಂದ ಹೆಗಲ ಮೇಲೆ ಹೊತ್ತು ತಂದವನು ನಾನು, ಕರೆಂಟ್ ಬಿಲ್ ಕಟ್ಟುವವನು ನಾನು, ಪರ್ಮಿಶನ್ ನನಗಿಲ್ಲವೇ? ಫೋನಿನಲ್ಲಿ ಹುಡುಕಿದೆ. ಯಾರೋ ಒಬ್ಬ ಪುಣ್ಯಾತ್ಮ ಆ ಪರ್ಮಿಶನ್ ಕಿತ್ತುಕೊಳ್ಳುವುದು ಹೇಗೆಂದು ವಿಡಿಯೋ ಮಾಡಿ ಹಾಕಿದ್ದ. ಅವನು ಹೇಳಿದಂತೆ ಒಂದೊಂದೇ ಒತ್ತುತ್ತಾ ಹೋದೆ. ನಡುನಡುವೆ ಕಂಪ್ಯೂಟರು ಮತ್ತೆ ಮತ್ತೆ ಎಚ್ಚರಿಸಿತು. ಗಿರಾಕಿಗಳೂ ಹಾಗೆಯೇ, ಬಿಚ್ಚುವಾಗ ಪಕ್ಕದಲ್ಲಿ ನಿಂತು ಹೆದರುತ್ತಿರುತ್ತಾರೆ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಳಿಸಲು ಬಂದದ್ದನ್ನೆಲ್ಲ ಅಳಿಸಿ, ಕೊನೆಗೆ ಆಫ್ ಮಾಡಿ ಆನ್ ಮಾಡಿದೆ. ಕಪ್ಪು ಪರದೆ, ಮೂಲೆಯಲ್ಲಿ ಎರಡು ಸಾಲು ಬಿಳಿ ಅಕ್ಷರ. ಅಷ್ಟೆ.

ನಾನು ಹೆದರಲಿಲ್ಲ. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಇನ್ನೊಂದು ಬ್ಯಾಟರಿಯಿಂದ ವೈರ್ ಎಳೆದು ಎಬ್ಬಿಸುವುದಿಲ್ಲವೇ? ನನ್ನ ಫೋನು ಹೊಸದು, ಚುರುಕಾದದ್ದು, ಅದೂ ಒಂದು ಕಂಪ್ಯೂಟರೇ ಎಂದು ಎಲ್ಲರೂ ಹೇಳುತ್ತಾರೆ. ಫೋನಿಗೊಂದು ವೈರ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಕಂಪ್ಯೂಟರಿಗೆ ಚುಚ್ಚಿ, ಜೀವ ಹರಿಯಲಿ ಎಂದು ಕಾದು ಕೂತೆ. ಸ್ವಲ್ಪ ಹೊತ್ತಿನ ಮೇಲೆ ಫೋನ್ ನೋಡಿದರೆ ಚಾರ್ಜ್ ಏರುತ್ತಿದೆ! ನಾನು ಜೀವ ಕೊಡಲು ಹೋದರೆ, ಸತ್ತ ಕಂಪ್ಯೂಟರೇ ನನ್ನ ಫೋನಿಗೆ ಊಟ ಹಾಕುತ್ತಿತ್ತು.

ಅಷ್ಟರಲ್ಲಿ ಮಂಜುಳಾ ದಾರ ಹಿಡಿದು ಒಳಗೆ ಬಂದಳು. ಪರದೆ ನೋಡಿದಳು. ವೈರ್ ನೋಡಿದಳು. ನನ್ನ ಮುಖ ನೋಡಿದಳು. ಕೂಗಾಡಿದ್ದರೆ ನಾನೂ ಕೂಗಾಡಿ ಸಮ ಮಾಡುತ್ತಿದ್ದೆ. ಅವಳು ಆ ಬೋಳು ತೋಳನ್ನು ಕೈಗೆತ್ತಿಕೊಂಡು ಸುಮ್ಮನೆ ಕುರ್ಚಿಯಲ್ಲಿ ಕೂತುಬಿಟ್ಟಳು.

"ಏನ್ ಮಾಡ್ಬುಟ್ರಿ?"

"ಸರ್ವೀಸು" ಎಂದೆ.

"ಬೆಳಗ್ಗೆ ಗಿರಿಜಮ್ಮನೋರು ಬರ್ತಾರೆ ಕಣ್ರೀ. ಒಂದು ತೋಳು ಇಟ್ಕೊಂಡು ಆ ಮಗು ಹಸೆಮಣೆ ಮೇಲೆ ಎಂಗೆ ಕೂತ್ಕೊಳ್ಳುತ್ತೆ?"

ನಾನು ಮೆಲ್ಲಗೆ ಫೋನಿನ ವೈರ್ ಕಿತ್ತೆ. ಮತ್ತೆ ಹೊಸದಾಗಿ ಬರೆಯಲು ವಾರ ಬೇಕು, ಅದಕ್ಕೂ ಕಂಪ್ಯೂಟರು ಬೇಕು. ಈ ಒಂದು ಡಿಸೈನ್ ಮಾತ್ರವಲ್ಲ, ಅವಳ ಅಷ್ಟು ವರ್ಷಗಳ ಕೆಲಸ ಆ ಕಪ್ಪು ಪರದೆಯ ಹಿಂದೆ ಎಲ್ಲಿ ಹೋಯಿತೋ.

ನಮ್ಮ ಮಹಡಿಯ ಮನೆಯಲ್ಲಿ ಶಬಾನಾ ಮೇಡಂ ಬಾಡಿಗೆಗಿದ್ದಾರೆ. ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರು. ಇಷ್ಟು ದಿನ ಮೆಟ್ಟಿಲಲ್ಲಿ ಸಿಕ್ಕಾಗ, ಸ್ಕೂಟರ್ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಮೇಡಂ ಎಂದು ಗತ್ತಿನಿಂದ ಹೇಳುತ್ತಿದ್ದವನು, ಅವತ್ತು ಅದೇ ಮೆಟ್ಟಿಲನ್ನು ತಲೆ ತಗ್ಗಿಸಿ ಹತ್ತಿದೆ. ಅವರು ಒಲೆಯ ಮೇಲೆ ಹಾಲಿಟ್ಟಿದ್ದರು, ಉರಿ ಸಣ್ಣ ಮಾಡಿ ಕೂಡಲೇ ಇಳಿದು ಬಂದರು. ನಾನು ನಡೆದದ್ದೆಲ್ಲ ಹೇಳಿದೆ. ಅವರು ನಗಲಿಲ್ಲ. ಈ ಉಪಕಾರವನ್ನು ನಾನು ಮರೆಯುವುದಿಲ್ಲ. ಫೋನಿನ ವೈರ್ ವಿಷಯ ಬಂದಾಗ ಮಾತ್ರ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು.

"ಅಣ್ಣ, ನಿಮ್ಮ ಗ್ಯಾರೇಜಲ್ಲಿ ಗಾಳಿ ಪಂಪು ಒಂದೇ ಅಲ್ವಾ? ಮೆಕ್ಯಾನಿಕ್‌ಗಳು ನಾಲ್ಕೈದು ಜನ. ಯಾರು ಯಾವಾಗ ತಗೋಬೇಕು ಅಂತ ಹೇಳೋರು ಯಾರು?"

"ನಾನೇ."

"ಯಾವ ಗಾಡಿ ಯಾವ ಜಾಗದಲ್ಲಿ ನಿಲ್ಲಬೇಕು, ಯಾವ ಸ್ಪ್ಯಾನರ್ ಎಲ್ಲಿದೆ?"

"ಅದೂ ನಾನೇ."

"ಕಂಪ್ಯೂಟರಲ್ಲಿ ಆ ಕೆಲಸಕ್ಕೆ ಆಪರೇಟಿಂಗ್ ಸಿಸ್ಟಂ ಅಂತಾರೆ. ಅಕ್ಕನ ಡಿಸೈನ್ ಪ್ರೋಗ್ರಾಂ ಬರೀ ಮೆಕ್ಯಾನಿಕ್ಕು. ಅದಕ್ಕೆ ಜಾಗ ಕೊಡೋದು, ಕೀಬೋರ್ಡ್ ಮಾತು ಕೇಳಿಸೋದು, ಮೆಷಿನ್ನಿಗೆ ಸುದ್ದಿ ಮುಟ್ಟಿಸೋದು ಎಲ್ಲ ವಿಂಡೋಸು. ನೀವಿವತ್ತು ನಿಮ್ಮನ್ನ ನೀವೇ ಗ್ಯಾರೇಜಿಂದ ಆಚೆಗೆ ಹಾಕ್ಬುಟ್ಟು ಬೀಗ ಜಡಿದಿದೀರಿ."

ಇಷ್ಟು ಸರಿಯಾಗಿ ನನ್ನನ್ನು ಯಾರೂ ಬೈದಿರಲಿಲ್ಲ. ಬೈಗುಳವೆಂದು ಗೊತ್ತಾಗಲಿಕ್ಕೇ ಸ್ವಲ್ಪ ಹೊತ್ತು ಹಿಡಿಯಿತು.

ಹಾಗಾದರೆ ನನ್ನ ಫೋನಿನ ಯಜಮಾನನನ್ನು ಇಲ್ಲಿ ಕೂರಿಸಬಾರದೇಕೆ ಎಂದು ಕೇಳಿದೆ. ಫೋನಿನಲ್ಲಿರುವುದು ಆಂಡ್ರಾಯ್ಡ್, ಅದು ಫೋನಿಗೆಂದೇ ಹೊಲಿದ ಅಂಗಿ ಎಂದರು. ಕೆಲವು ಕಂಪ್ಯೂಟರುಗಳಲ್ಲಿ ಮ್ಯಾಕ್ ಎಂಬುದು ಇರುತ್ತದಂತೆ. ಲಿನಕ್ಸ್ ಎಂಬ ಇನ್ನೊಂದಿದೆ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಒಂದಕ್ಕೆ ಬರೆದ ಪ್ರೋಗ್ರಾಂ ಸಾಮಾನ್ಯವಾಗಿ ಇನ್ನೊಂದರಲ್ಲಿ ಓಡುವುದಿಲ್ಲ, ನನ್ನ ಸ್ಕೂಟರಿನ ಪಿಸ್ಟನ್ನು ಬಸ್ಸಿಗೆ ಕೂರದ ಹಾಗೆ. ಆದರೆ ಯಜಮಾನ ಹೋದ ಮಾತ್ರಕ್ಕೆ ಗೋಡೌನಿನಲ್ಲಿರುವ ಸಾಮಾನು ಹೋಗುವುದಿಲ್ಲ, ಅಕ್ಕನ ಡಿಸೈನುಗಳು ಒಳಗೇ ಇರಬೇಕು ಎಂದರು. ಮಂಜುಳಾ ಕುರ್ಚಿಯಿಂದ ಎದ್ದಳು.

ಶಬಾನಾ ಮೇಡಂ ಮೇಲಿನಿಂದ ಒಂದು ಪೆನ್‌ಡ್ರೈವ್ ತಂದರು. ಅದರಲ್ಲಿ ಲಿನಕ್ಸ್ ಇತ್ತು. ಕಂಪ್ಯೂಟರಿಗೆ ಏನೂ ತುಂಬಿಸದೆ, ಪೆನ್‌ಡ್ರೈವಿನಿಂದಲೇ ಅದು ಎದ್ದು ಕೂತಿತು. ಬಾಡಿಗೆ ಡ್ರೈವರ್ ಬಂದು ನಮ್ಮ ಗಾಡಿ ಓಡಿಸಿದ ಹಾಗೆ! ಅದರಲ್ಲಿ ಒಂದೊಂದೇ ಫೋಲ್ಡರು ತೆಗೆದರು. ರಂಗೋಲಿ ಇತ್ತು. ಹೂವಿತ್ತು. ಬಳ್ಳಿಯಿತ್ತು. ಮಂಜುಳಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣಲ್ಲಿ ಏನೋ ಬಿತ್ತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಅಷ್ಟರಲ್ಲಿ ಮಹಡಿಯಿಂದ ಹಾಲು ಉಕ್ಕಿದ ವಾಸನೆ ಬಂತು. ಮೇಡಂ, ಯಾರೂ ಏನೂ ಮುಟ್ಟಬೇಡಿ ಎಂದು ಹೇಳಿ ಓಡಿದರು. ಪರದೆಯ ಮೇಲೆ ಇನ್‌ಸ್ಟಾಲ್ ಎಂದು ಬರೆದ ಒಂದು ಚಿತ್ರವಿತ್ತು. ಪಾಪ, ಅವರಿಗೆ ಅಷ್ಟಾದರೂ ಕೆಲಸ ಉಳಿಸೋಣ ಎಂಬ ಕೃತಜ್ಞತೆ ನನ್ನಲ್ಲಿ ಉಕ್ಕಿತು. ಹಾಲಿಗಿಂತ ಜೋರಾಗಿ ಉಕ್ಕಿತು. ಒತ್ತಿದೆ. ಅದು ಏನೇನೋ ಕೇಳಿತು, ನಾನು ಎಲ್ಲದಕ್ಕೂ ಮುಂದೆ, ಮುಂದೆ ಎಂದೆ. ಕೊನೆಗೆ, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದಾಗಿ ಕೂರಲೇ ಎಂದು ಕೇಳಿತು. ಇಷ್ಟು ವಿನಯದಿಂದ ಕೇಳುವವರಿಗೆ ಇಲ್ಲವೆನ್ನುವುದು ಹೇಗೆ?

ಮಂಜುಳಾ ನನ್ನ ಮಣಿಕಟ್ಟು ಹಿಡಿದಳು. ಮದುವೆಯ ದಿನ ಪಾಣಿಗ್ರಹಣದಲ್ಲಿ ನಾನು ಕೂಡ ಅವಳ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

"ಕೈ ಎತ್ರೀ" ಎಂದಳು, ಬಹಳ ಮೆತ್ತಗೆ. ಎತ್ತಿದೆ. ಮೇಡಂ ಇಳಿದು ಬರುವವರೆಗೆ ಎರಡೂ ಕೈ ಎತ್ತಿಕೊಂಡೇ ನಿಂತಿದ್ದೆ.

ಮೇಡಂ ಮೊದಲು ಎಲ್ಲ ಡಿಸೈನುಗಳನ್ನು ಬೇರೆ ಪೆನ್‌ಡ್ರೈವಿಗೆ ತುಂಬಿಸಿದರು. ಆಮೇಲೆ ಅದನ್ನು ನೇರವಾಗಿ ಎಂಬ್ರಾಯ್ಡರಿ ಮೆಷಿನ್ನಿಗೇ ಸಿಕ್ಕಿಸಿದರು. ಆ ಮೆಷಿನ್ನಿನ ಹೊಟ್ಟೆಯಲ್ಲೂ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ಇದೆಯಂತೆ. ಅದಕ್ಕೆ ಹಾಡು ಗೊತ್ತಿಲ್ಲ, ಸಿನಿಮಾ ಗೊತ್ತಿಲ್ಲ. ಸೂಜಿ ಯಾವ ಕ್ಷಣಕ್ಕೆ ಎಲ್ಲಿ ಇಳಿಯಬೇಕು ಎಂಬುದೊಂದೇ ಗೊತ್ತು, ಅದರಲ್ಲಿ ಮಾತ್ರ ಚೂರೂ ತಪ್ಪುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಜ್ಜಿಯ ರಂಗೋಲಿ ಎರಡನೇ ತೋಳಿನ ಮೇಲೂ ಅರಳಿತು. ಬೆಳಗ್ಗೆ ಗಿರಿಜಮ್ಮ ಬಂದು, ಎರಡು ತೋಳನ್ನೂ ಬೆಳಕಿಗೆ ಹಿಡಿದು ನೋಡಿ, "ನಮ್ಮವ್ವನ ಕೈಯೇ ಕಣಮ್ಮ ಇದು" ಎಂದು ಮಂಜುಳಾಳ ಕೆನ್ನೆ ಸವರಿದರು. ನಾನು ಬಾಗಿಲ ಹಿಂದೆ ನಿಂತು, ಮಹಡಿಯ ಕಡೆಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದಿನ ಭಾನುವಾರ ಮೇಡಂ ಬಂದು ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಜೊತೆಗೆ ಕಂಪ್ಯೂಟರಿನಲ್ಲಿ ಮಂಜುಳಾಗೊಂದು, ನನಗೊಂದು ಪ್ರತ್ಯೇಕ ಅಕೌಂಟ್ ಮಾಡಿಕೊಟ್ಟರು. ನನ್ನದನ್ನು ತೆರೆದರೆ ದೊಡ್ಡದಾಗಿ ನನ್ನ ಹೆಸರು ಬರುತ್ತದೆ. ಅದರ ಫೋಟೋ ತೆಗೆದು ಗ್ಯಾರೇಜಿನಲ್ಲಿ ಎಲ್ಲರಿಗೂ ತೋರಿಸಿದೆ. ಅದರಲ್ಲಿ ಏನೇನು ಮಾಡಬಹುದು ಯಜಮಾನ್ರೇ ಎಂದು ಹುಡುಗರು ಕೇಳಿದರು. ಇಸ್ಪೀಟ್ ಆಡಬಹುದು, ಗಂಟೆ ಎಷ್ಟೆಂದು ನೋಡಬಹುದು.

ಗಡಿಯಾರ ಹತ್ತು ನಿಮಿಷ ಹಿಂದಿದೆ. ಸರಿ ಮಾಡಲು ಹೋದರೆ ನಿಮಗೆ ಪರ್ಮಿಶನ್ ಇಲ್ಲ ಎನ್ನುತ್ತದೆ, ಮಂಜುಳಾಳನ್ನು ಕರೆಯಬೇಕು.