ಉಬ್ಬರದ ಸದಸ್ಯತ್ವ

ಕುಂದಾಪುರದ ಅಳಿವೆಗೆ ಸಮುದ್ರದ ನೀರು ದಿನಕ್ಕೆರಡು ಸಲ ಏರಿ ಬಂದು, ಎರಡು ಸಲ ಇಳಿದು ಹೋಗುತ್ತದೆ. ಏರಿ ಬರುವ ಆ ನೀರನ್ನು ಊರಿನ ಹಳಬರು ಭರತ ಅನ್ನುತ್ತಿದ್ದರೋ, ಭರ್ತ ಅನ್ನುತ್ತಿದ್ದರೋ, ಈಗ ಸರಿಯಾಗಿ ಬಾಯಿಗೆ ಬರುತ್ತಿಲ್ಲ. ಸಮಿತಿಯ ದಾಖಲೆಯಲ್ಲಿ ಅದರ ಹೆಸರು 'ಶ್ರೀ ಉಬ್ಬರ, ಸದಸ್ಯರು' ಎಂದಿರುವುದರಿಂದ ನಾವೂ ಹಾಗೆಯೇ ಕರೆಯುವುದು ಕ್ರಮ.

ಸಮಿತಿಯೆಂದರೆ ೨೦೦೮ರಲ್ಲಿ ಸ್ಥಾಪನೆಯಾದ ಅಳಿವೆ ಸಂರಕ್ಷಣಾ ಜನಸಹಭಾಗಿತ್ವ ಸಮಿತಿ. ನೀರಂಚಿನ ಕೆಸರಿನಲ್ಲಿ ಕಾಂಡ್ಲ ಗಿಡ ನೆಟ್ಟು ಅಳಿವೆಯನ್ನು ಉಳಿಸುವುದು ಅದರ ಧ್ಯೇಯ. ಕಾರ್ಯದರ್ಶಿ ಸಾಲಿಗ್ರಾಮದ ವೈಕುಂಠ ಹೊಳ್ಳರು. ನಿಯಮದ ಪ್ರಕಾರ ಶ್ರಮದಾನಕ್ಕೆ ಜನ ಬರಬೇಕು. ಮೊದಲ ಶ್ರಮದಾನಕ್ಕೆ ಯಾರೂ ಬರಲಿಲ್ಲ, ಆ ದಿನ ದೋಣಿಗಳಿಗೆ ರಾಶಿ ಬಂಗುಡೆ ಮೀನು ಸಿಕ್ಕಿತ್ತು. ಕೆಸರಿನಲ್ಲಿದ್ದವಳು ಹರಿಣಾಕ್ಷಿಯೊಬ್ಬಳೇ. ಅವಳೂ ಶ್ರಮದಾನಕ್ಕೆ ಬಂದವಳಲ್ಲ, ಕೆಸರೊಳಗಿನ ಚಿಪ್ಪುಮೀನು ಹೆಕ್ಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಕೆಸರೇ ಅವಳ ಗದ್ದೆ. ಹೆಕ್ಕಿದ ಚಿಪ್ಪು ಮಾರಿಹೋದರೆ ಅವಳಿಗೂ ಮೊಮ್ಮಗಳು ದಿವ್ಯಾಳಿಗೂ ಅವತ್ತಿನ ಗಂಜಿ.

ಜನರಿಗೆಂದು ತಂದ ಗೋಳಿಬಜೆ ತಣ್ಣಗಾಗುತ್ತಿತ್ತು. "ಇಲ್ಲಿಗೆ ದಿನಾ ತಪ್ಪದೆ ಬಂದು, ಕಸ ಗುಡಿಸಿ, ಮಣ್ಣು ತಂದು ಹಾಕಿ ಹೋಗುವವರು ಒಬ್ಬರೂ ಇಲ್ಲವೇ?" ಎಂದು ಹೊಳ್ಳರು ನೊಂದು ಕೇಳಿದರು.

"ಇತ್ತಲೆ ಹೊಳ್ರೇ, ನೀರ್! ಕಾಣಿ, ಈಗ ಬತ್ತ್," ಎಂದಳು ಹರಿಣಾಕ್ಷಿ.

ಮರುದಿನದ ಸಭೆಯಲ್ಲಿ ಉಬ್ಬರವನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಾಯಿತು. ವಿರೋಧವಿರಲಿಲ್ಲ. ಅದರ ಪಾಲಿನ ಗೋಳಿಬಜೆಯನ್ನು ಹೊಳ್ಳರೇ ಅದರ ಪರವಾಗಿ ಸ್ವೀಕರಿಸಿದರು. ಅದರ ಪಾಲಿನ ಟೀ ಶರ್ಟು, ಟೋಪಿಗಳನ್ನು ಹೊಳ್ಳರ ಭಾವಮೈದುನರು ಮುಟ್ಟಿಸಿ ಬರುವುದಾಗಿ ಹೇಳಿ ಕೊಂಡೊಯ್ದರು. ಅಂದಿನಿಂದ ಅವನ್ನು ಹಾಕಿಕೊಂಡೇ ತಿರುಗಿದರು. ದಾರಿಯಲ್ಲಿ ಉಬ್ಬರ ಸಿಗಲಿಲ್ಲ.

ಒಂದೇ ತೊಡಕು. ಹೊಸ ಸದಸ್ಯರು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆ ತಡ ಮಾಡುತ್ತಿದ್ದರು.

"ಚಂದ್ರ ತಡ ಮಾಡಿ ಬತ್ತ, ಹಂಗಾಯಿ ನೀರೂ ತಡ," ಎಂದು ಹರಿಣಾಕ್ಷಿ ಹೇಳಿ ನೋಡಿದಳು.

"ಚಂದ್ರ ನಮ್ಮ ಸಮಿತಿಯಲ್ಲಿಲ್ಲ. ಅವನ ಶಿಸ್ತು ನಮ್ಮ ವ್ಯಾಪ್ತಿಗೆ ಬರುವುದಿಲ್ಲ," ಎಂದ ಹೊಳ್ಳರು, ಕಾರಣ ಕೇಳುವ ನೋಟಿಸನ್ನು ದಡದ ಕಂಬಕ್ಕೆ ಅಂಟಿಸಿದರು. ಹುಣ್ಣಿಮೆಯ ದಿನ ಉಬ್ಬರ ಕಂಬದವರೆಗೂ ಏರಿ ಬಂದು ಅದನ್ನು ಕೊಂಡೊಯ್ದಿತು. 'ಖುದ್ದಾಗಿ ಸ್ವೀಕರಿಸಿದ್ದಾರೆ' ಎಂದು ದಾಖಲಾಯಿತು.

ನಂತರ ಅಳಿವೆಯನ್ನು ಜನರಿಂದ ರಕ್ಷಿಸುವ ಹಂತ ಬಂತು. ಜನಸಹಭಾಗಿತ್ವದ ಎರಡನೇ ಹಂತವೆಂದರೆ ಅದೇ. ಕೆಸರಿಗೆ ತಂತಿಬೇಲಿ, ಬೇಲಿಗೆ ಗೇಟು, ಗೇಟಿಗೆ ಫಲಕ:

'ಪ್ರವೇಶ ಬೆಳಿಗ್ಗೆ ೧೦ರಿಂದ ಸಂಜೆ ೫. ಭಾನುವಾರ ರಜೆ. ಸದಸ್ಯರಿಗೆ ಸಮಯದ ನಿರ್ಬಂಧವಿಲ್ಲ.'

ಕಾವಲಿಗೆ ಹರಿಣಾಕ್ಷಿಯ ಅಣ್ಣನ ಮಗ ಗಣಪನನ್ನೇ ಇಟ್ಟರು. ಮರುದಿನ ನಸುಕಿಗೆ ನೀರು ಇಳಿದಿತ್ತು. ಅವಳು ಬುಟ್ಟಿ ಹಿಡಿದು ಬಂದರೆ ಗೇಟಿಗೆ ಬೀಗ.

"ಹ್ವಾಯ್ ಗಣಪ, ಬಾಗ್ಲ್ ತೆಗಿ."

"ಹತ್ ಗಂಟಿಗ್ ಬಾ ಅತ್ತೆ."

"ಹತ್ ಗಂಟಿಗೆ ಎದೆಮಟ್ಟ ನೀರ್ ಇರತ್ತ್. ಮುಳ್ಗಿ ಹೆಕ್ಕುದಾ?"

"ಎಂತ ಮಾಡುದ್? ನಿಯಮ."

"ಚಡ್ಡಿ ಇಲ್ದೆ ಇದೇ ಕೆಸ್ರಗೆ ಹೊರಳಿದವ ನೀನ್. ಅವತ್ತ್ ಯಾವ ನಿಯಮ ಇತ್ತ್?"

"ಅವತ್ತ್ ಗೇಟ್ ಇರ್ಲಿಲ್ಲೆ," ಎಂದ ಗಣಪ. ಅದು ನಿಜವೂ ಆಗಿತ್ತು.

ತಿಂಗಳಲ್ಲಿ ಅರ್ಧಕ್ಕರ್ಧ ದಿನ ನೀರು ಇಳಿಯುವುದು ಗೇಟಿಗೆ ಬೀಗವಿರುವ ಹೊತ್ತಿಗೇ. ಅಷ್ಟು ದಿನವೂ ಬುಟ್ಟಿ ಖಾಲಿ. ಹರಿಣಾಕ್ಷಿ ಹೊಳ್ಳರ ಕಚೇರಿಗೆ ಹೋದಳು. ಹೊಳ್ಳರ ಮುಖವೂ ಬುಟ್ಟಿಯ ಹಾಗೇ ಇತ್ತು. ಮೇಲಿನಿಂದ ತಪಾಸಣಾಧಿಕಾರಿ ಬರುವವರಿದ್ದರು. ಒಂದು ದಿನವೂ ತಪ್ಪಿಸದ ಸದಸ್ಯರಾದ ಶ್ರೀ ಉಬ್ಬರರನ್ನು ಮುಖತಾ ಕಾಣಬೇಕಂತೆ.

"ಹೊಳ್ರೇ, ಸದಸ್ಯರ್ ಯಾವಾಗ್ ಬೇಕಾರೂ ಒಳ್ಗ್ ಹೋಯ್ಲಕ್ ಅಂದ್ ಬೋರ್ಡಗೆ ಇತ್ತಲೆ?"

"ಹೌದು. ಅದಕ್ಕೆ?"

"ಹಂಗಾರೆ ನಾನೇ ಉಬ್ಬರ ಆತೆ."

ಹೊಳ್ಳರು ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ನೋಡಿದರು. ಉಬ್ಬರವು ನೀರೇ ಆಗಿರತಕ್ಕದ್ದು ಎಂದು ಎಲ್ಲಿಯೂ ಇರಲಿಲ್ಲ. 'ಶ್ರೀ' ಎಂಬುದನ್ನು 'ಶ್ರೀಮತಿ' ಎಂದು ತಿದ್ದಿದರು. ಭಾವಮೈದುನರು ಟೀ ಶರ್ಟು ಬಿಚ್ಚಿಕೊಟ್ಟರು, ಒಗೆಯದೆ.

ಅಧಿಕಾರಿಗಳು ಬಂದರು.

"ನೀವೇ ಉಬ್ಬರವೇ?"

"ಹೌದ್."

"ಎಷ್ಟು ಕಾಲದಿಂದ ಬರುತ್ತಿದ್ದೀರಿ?"

"ಹುಟ್ಟಿದಾರಭ್ಯ."

"ದಿನಾ ತಡವೇಕೆ?"

"ನಂದ್ ತಪ್ಪಲ್ಲ. ಚಂದ್ರ ತಡ ಮಾಡುದ್."

"ಚಂದ್ರ ಅಂದರೆ ನಿಮ್ಮ ಯಜಮಾನರೇ?" ಎಂದು ಅಧಿಕಾರಿಗಳು ಅನುಕಂಪದಿಂದ ಕೇಳಿ, ಉತ್ತರಕ್ಕೆ ಕಾಯದೆ ತಡವನ್ನು ಮನ್ನಿಸಿ ಹೋದರು.

ಅಂದಿನಿಂದ ಹರಿಣಾಕ್ಷಿಗೆ ಗೇಟು ಯಾವ ಹೊತ್ತಿಗೂ ತೆರೆಯಿತು. ಗಣಪ ಅತ್ತೆಗೆ ಸಲಾಮನ್ನೂ ಹೊಡೆದ. ಇದನ್ನು ಕಂಡು ಕೇರಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಉಬ್ಬರವಾದರು. ಮುಂಬೈ ಹೋಟೆಲುಗಳಿಗೆ ದುಡಿಯಲು ಹೋದ ಗಂಡಸರನ್ನು 'ಇಳಿತ' ಎಂದು ನಮೂದಿಸಿ, ಹಬ್ಬಕ್ಕೆ ಊರಿಗೆ ಬಂದಾಗ ಬದಲಾಯಿಸಿಕೊಳ್ಳಲು ಅವಕಾಶ ಕೊಡಲಾಯಿತು. ಗಿಡ ನೆಡುವುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಹಳೆಯ ಕಾಂಡ್ಲ ಗಿಡಗಳ ಕೋಡಿನಂಥ ಬೀಜಗಳು ತಾವಾಗಿಯೇ ಕೆಸರಿಗೆ ಬಿದ್ದು ಬೇರು ಬಿಟ್ಟವು. ಅವುಗಳ ಮುಂದೆ ನಿಂತು ಸಮಿತಿ ಫೋಟೊ ತೆಗೆಸಿಕೊಂಡಿತು.

ಹೀಗಿರಲು ಒಂದು ಭಾನುವಾರ ಅಮಾವಾಸ್ಯೆ ಬಂತು, ನೀರೂ ಗೇಟಿನವರೆಗೆ ಏರಿ ಬಂತು. ಸದಸ್ಯತ್ವ ಹರಿಣಾಕ್ಷಿಯ ಪಾಲಾದ್ದರಿಂದ ನೀರು ಈಗ ಹೊರಗಿನದು. ರಜಾದಿನ ಬೇರೆ.

"ಪಾಸ್ ಇತ್ತಾ?" ಎಂದು ಗಣಪ ತಡೆದ.

ನೀರು ಮೊಣಕಾಲಿಗೆ ಬಂತು.

"ಪಾಸ್ ಇಲ್ದೆ ಬಿಡೂಕಾತಿಲ್ಲೆ."

ನೀರು ಸೊಂಟಕ್ಕೆ ಬಂತು. ಗಣಪ ಜಾಗ ಬಿಟ್ಟು ಕದಲಲಿಲ್ಲ.

ಅತಿಕ್ರಮ ಪ್ರವೇಶದ ವಿಷಯಕ್ಕೆ ತುರ್ತುಸಭೆ ಸೇರಿತು. ನೀರು ಕ್ರಮವಾಗಿ ಅರ್ಜಿ ಸಲ್ಲಿಸುವವರೆಗೆ ಕೆಸರಿಗೆ ನೀರು ಹರಿದು ಬರುವ ತೋಡಿನ ಬಾಯಿಗೆ ಹಲಗೆ ಜಡಿದು ಅದನ್ನು ಹೊರಗಿಡತಕ್ಕದ್ದೆಂದು ನಿರ್ಣಯವಾಯಿತು. ಸಭೆಯಲ್ಲಿದ್ದ ಉಬ್ಬರಗಳೆಲ್ಲ ಕೈ ಎತ್ತಿದವು. ಹರಿಣಾಕ್ಷಿಯೂ ಎತ್ತಿದಳು, ನಿಯಮವೆಂದರೆ ಎಲ್ಲರಿಗೂ ಒಂದೇ. ಆದರೆ ನೀರು ಬಾರದ ಕೆಸರಿನಲ್ಲಿ ಚಿಪ್ಪು ಬದುಕುವುದಿಲ್ಲ ಎಂಬುದು ದಾರಿಯುದ್ದಕ್ಕೂ ಅವಳನ್ನು ಕೊರೆಯಿತು. ಮನೆಗೆ ಬಂದವಳೇ ದಿವ್ಯಾಳನ್ನು ಕರೆದಳು.

"ಮಗಾ, ಒಂದ್ ಅರ್ಜಿ ಬರಿ. ಪಾಪ, ಆ ನೀರಿಗ್ ಬರಿಯೂಕೆ ಬತ್ತಿಲ್ಲೆ."

"ಉದ್ಯೋಗ ಎಂತ ಅಮ್ಮಮ್ಮ?"

"ಬಪ್ಪುದ್, ಹೋಪುದ್."

"ಹೆಸ್ರ್? ಉಬ್ಬರ ಅಂದ್ ಬರೀಲಾ?"

"ಬ್ಯಾಡ. ಆ ಹೆಸ್ರಿನವ್ರ್ ಕೇರಿ ತುಂಬ ಇದ್ರ್, ಹೊಳ್ರ್ ಒಪ್ಪುದಿಲ್ಲೆ." ಹರಿಣಾಕ್ಷಿ ಸ್ವಲ್ಪ ಯೋಚಿಸಿದಳು. "ನನ್ ಹೆಸ್ರ್ ಈಗ ಖಾಲಿಯೇ ಇತ್ತಲೆ. ಅದನ್ನೇ ಬರಿ. ಹರಿಣಾಕ್ಷಿ."