ನಾಲ್ಕನೇ ಸಾಲಿಗೆ ಇಪ್ಪತ್ತು ಡಾಲರ್

ಗ್ಲೆಂಡಾ: ಇಪ್ಪತ್ತು ಡಾಲರಾ? ಹೋಟೆಲಲ್ಲಿ ಕಾಫಿ ತಂದುಕೊಟ್ಟ ಹುಡುಗಿಗೆ ಒಂದು ಡಾಲರ್ ಇಡೋಕೆ ಕೈ ನಡುಗೋ ಮನುಷ್ಯ ನೀನು. ಸರ್ಕಾರಕ್ಕೆ ಇಪ್ಪತ್ತು ಬಿಟ್ಟುಕೊಡ್ತೀಯಾ?

ಆರ್ವಲ್: ಸರ್ಕಾರಕ್ಕಲ್ಲ ಕಣೇ. ನಾಲ್ಕನೇ ಸಾಲಿಗೆ.

ಗ್ಲೆಂಡಾ: ನಾಲ್ಕನೇ ಸಾಲಲ್ಲಿ ಏನು ಬರೆದಿದೆ, ಜೋರಾಗಿ ಓದು ನೋಡೋಣ.

ಆರ್ವಲ್ ಓದಲಿಲ್ಲ. ನಾನೇ ಹೇಳಿಬಿಡುತ್ತೇನೆ. ಪ್ರತಿ ಮಾರ್ಚಿನಲ್ಲಿ ನಮ್ಮ ಮಿಲ್‌ಬ್ರೂಕ್ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಬಿಟ್ಟಿಯಾಗಿ ತೆರಿಗೆ ರಿಟರ್ನ್ ತುಂಬಿಕೊಡುತ್ತಾರೆ. ನನ್ನ ಚೀಟಿ ಹದಿನೇಳು, ಈ ಗಂಡ ಹೆಂಡತಿಯದು ಹದಿನಾರು. ನಲವತ್ತು ನಿಮಿಷದಿಂದ ನಾನು ಐದು ವರ್ಷದ ಮಕ್ಕಳ ಕುರ್ಚಿಯಲ್ಲಿ ಮಂಡಿಯನ್ನು ಗದ್ದಕ್ಕೆ ಆನಿಸಿಕೊಂಡು ಕೂತಿದ್ದೆ, ಇವರದು ಮುಗಿಯುತ್ತಿಲ್ಲ. ರಾಜ್ಯದ ಫಾರಂನ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ: ನಿಮಗೆ ವಾಪಸ್ ಬರುವ ತೆರಿಗೆಯಲ್ಲಿ ಒಂದಿಷ್ಟನ್ನು ಯಾವುದಾದರೂ ನಿಧಿಗೆ ಕೊಡುತ್ತೀರಾ ಅಂತ. ಒಂದನೇ ಸಾಲು ಕಾಡುಪ್ರಾಣಿಗಳಿಗೆ. ನಾಲ್ಕನೇ ಸಾಲು, ಮನೆಯಲ್ಲಿ ಹೊಡೆತ ತಿಂದು ಓಡಿಬಂದವರ ಆಶ್ರಯ ಮನೆಗಳಿಗೆ.

ಗ್ಲೆಂಡಾ: ಇದನ್ನ ನೋಡಿದ ಗುಮಾಸ್ತ ಏನಂದ್ಕೋತಾನೆ? ಈ ಮುದುಕ ಹೆಂಡತೀನ ಬಡಿದು ಈಗ ಪಾಪ ತೊಳ್ಕೋತಿದಾನೆ ಅಂದ್ಕೋತಾನೆ.

ಆರ್ವಲ್: ನಿನ್ನನ್ನ ಬಡಿಯೋ ಧೈರ್ಯ ಈ ರಾಜ್ಯದಲ್ಲಿ ಯಾರಿಗಿದೆ?

ಗ್ಲೆಂಡಾ: ಅದೇ ಹೇಳ್ತಿರೋದು. ನಮ್ಮನೇಲಿ ಆಶ್ರಯ ಬೇಕಾಗಿರೋದು ನಿನಗೆ ಅಂತ ಊರಿಗೆಲ್ಲ ಗೊತ್ತು.

ಆರ್ವಲ್: ಹಾಗಾದ್ರೆ ಮುಂಗಡ ಬುಕಿಂಗ್ ಅಂತ ತಿಳ್ಕೊಂಡು ಸುಮ್ನಿರು.

ಗ್ಲೆಂಡಾ: ಪ್ರತಿ ವರ್ಷದ ಹಾಗೆ ಕಾಡುಪ್ರಾಣಿಗೆ ಎರಡು ಡಾಲರ್ ಹಾಕಿ ಎದ್ದೇಳು.

ಆರ್ವಲ್: ಹೋದ ವರ್ಷ ಹಾಕಿದೆ. ನವೆಂಬರಲ್ಲಿ ಅದೇ ಜಿಂಕೆ ಬಂದು ನನ್ನ ಟ್ರಕ್ಕಿನ ದೀಪ ಒಡೀತು. ಉಪಕಾರ ಸ್ಮರಣೆ ಇಲ್ಲದ ಜಾತಿ.

ಕಂಪ್ಯೂಟರ್ ಮುಂದೆ ಕೂತಿದ್ದವಳು ವರ್ನಾ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಸ್ವಯಂಸೇವಕರ ಹಸಿರು ತೋಳಿಲ್ಲದ ಕೋಟು ಹಾಕಿಕೊಂಡು ಇಲ್ಲಿ ಕೂರುತ್ತಾಳೆ. ಅವಳ ತಲೆಯ ಮೇಲೆ ಗೋಡೆಗೆ ಒಂದು ಕಾಗದ ಅಂಟಿಸಿದ್ದರು: ದಾನದ ವಿಷಯದಲ್ಲಿ ಸ್ವಯಂಸೇವಕರು ಸಲಹೆ ಕೊಡುವಂತಿಲ್ಲ.

ವರ್ನಾ: ಇಷ್ಟ ಇದ್ರೆ ಹಾಕಿ, ಇಲ್ದಿದ್ರೆ ಖಾಲಿ ಬಿಡಿ. ನಾನು ಏನೂ ಹೇಳೋ ಹಾಗಿಲ್ಲ.

ಗ್ಲೆಂಡಾ: ನೀನು ಹೇಳೋದೇ ಬೇಡಮ್ಮ, ಇವನು ಹೇಳ್ಲಿ. ಯಾಕೆ ಈ ವರ್ಷ, ಯಾಕೆ ಆ ಸಾಲು?

ಆರ್ವಲ್: ಪೇಪರಲ್ಲಿ ಬಂದಿತ್ತು. ಈ ಸಲ ಗೊತ್ತು ಮಾಡಿರೋ ಮೊತ್ತ ಸೇರದಿದ್ರೆ ಮುಂದಿನ ವರ್ಷ ಆ ಸಾಲನ್ನೇ ಫಾರಂನಿಂದ ತೆಗೀತಾರಂತೆ.

ಗ್ಲೆಂಡಾ: ತೆಗೀಲಿ ಬಿಡು. ಪೇಪರಲ್ಲಿ ನಿನಗೆ ಕ್ರೀಡಾಪುಟ ಬಿಟ್ಟು ಇನ್ನೊಂದು ಪುಟ ಇದೆ ಅಂತ ಗೊತ್ತಾಗಿದ್ದು ಯಾವಾಗ?

ಆರ್ವಲ್: ವರ್ನಾ, ಇಪ್ಪತ್ತು ಒತ್ತು.

ಗ್ಲೆಂಡಾ: ವರ್ನಾ, ಒತ್ತಬೇಡ. ಇದು ಜಂಟಿ ರಿಟರ್ನ್. ನನ್ನ ಸಹಿ ಇಲ್ದೆ ಇದು ಲೈಬ್ರರಿ ಬಾಗಿಲೂ ದಾಟಲ್ಲ. ಕಾರಣ ಹೇಳು, ಸಹಿ ಹಾಕ್ತೀನಿ.

ಆರ್ವಲ್: ಹೇಳೋ ಹಾಗಿಲ್ಲ.

ಗ್ಲೆಂಡಾ ಸುಮ್ಮನಾದಳು. ಅವಳು ಸುಮ್ಮನಾಗಿದ್ದನ್ನು ನಾನು ಈ ಊರಿನಲ್ಲಿ ಚರ್ಚಿನೊಳಗೂ ಕಂಡಿರಲಿಲ್ಲ, ಆದ್ದರಿಂದ ಮಂಡಿ ನೋವು ಮರೆತು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡೆ.

ಗ್ಲೆಂಡಾ: ಈ ಮಾತು ನಿನ್ನ ಬಾಯಲ್ಲಿ ಕೇಳ್ತಿರೋದು ಎರಡನೇ ಸಲ ನಾನು. ಮೊದಲನೇ ಸಲ ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬಿದ ದಿವಸ. ಬೆಳಿಗ್ಗೆ ಹತ್ತು ಗಂಟೆಗೆ ಯಾರದೋ ಬಾವಿ ಪಂಪ್ ರಿಪೇರಿ ಅಂತ ಹೋದವನು ಸಂಜೆ ನಾಲ್ಕಕ್ಕೆ ಬಂದೆ. ಓವನ್ನಲ್ಲಿದ್ದ ಮಾಂಸ ಸುಟ್ಟು ಇದ್ದಿಲಾಗಿತ್ತು. ಎಲ್ಲಿ ಹೋಗಿದ್ದೆ ಅಂದ್ರೆ, ಹೇಳೋ ಹಾಗಿಲ್ಲ.

ಆರ್ವಲ್: ಅದಕ್ಕೆ ಮೂವತ್ತೊಂದು ವರ್ಷ ಆಯ್ತಲ್ಲೇ.

ಗ್ಲೆಂಡಾ: ಆಯ್ತು. ಅವತ್ತಿಂದ ನಮ್ಮನೇಲಿ ನಿನಗಿಷ್ಟದ ಚೆರ್ರಿ ಹಣ್ಣಿನ ಪೈ ಬೇಯಿಸಿಲ್ಲ ನಾನು. ಯಾಕೆ ಅಂತ ಒಂದು ದಿನಾನಾದ್ರೂ ಕೇಳಿದ್ಯಾ?

ಆರ್ವಲ್: ಚೆರ್ರಿ ದುಬಾರಿ ಆಯ್ತೇನೋ ಅಂದ್ಕೊಂಡೆ.

ಗ್ಲೆಂಡಾ ಕೈಚೀಲದ ಒಳಜೇಬಿನ ಜಿಪ್ ಎಳೆದು ಏನನ್ನೋ ತೆಗೆದು ಕೀಬೋರ್ಡಿನ ಮೇಲೆ ಇಟ್ಟಳು. ಚಿಕ್ಕ ಮಗುವಿನ ಉಣ್ಣೆಯ ಕೈಗವಸು, ಕೆಂಪು ಬಣ್ಣದ್ದು, ಅದರ ಮೇಲೆ ಹಳದಿ ದಾರದಲ್ಲಿ ಹೊಲಿದ ಒಂದು ಬಾತುಕೋಳಿ. ಒಂದೇ ಕೈಯದು.

ಗ್ಲೆಂಡಾ: ಮಾರನೇ ದಿನ ಟ್ರಕ್ಕಿನ ಸೀಟಿನ ಕೆಳಗೆ ಸಿಕ್ಕಿದ್ದು. ನಾಲ್ಕು ಕೈಚೀಲ ಬದಲಾಯಿಸಿದೀನಿ, ಇದನ್ನ ಮಾತ್ರ ಪ್ರತಿ ಸಲ ದಾಟಿಸಿಕೊಂಡು ಬಂದಿದೀನಿ. ನಿನಗೆ ಇನ್ನೊಂದು ಸಂಸಾರ ಇದ್ಯಾ? ಇದ್ರೆ ಇವತ್ತೇ ಹೇಳಿಬಿಡು, ರಿಟರ್ನಲ್ಲಿ ಅವಲಂಬಿತರು ಅಂತ ಸೇರಿಸಬೇಕಲ್ಲ.

ಆರ್ವಲ್: ನನಗೆ ಒಂದು ಸಂಸಾರದಲ್ಲೇ ಪೈ ಸಿಗ್ತಿಲ್ಲ.

ಗ್ಲೆಂಡಾ: ತಮಾಷೆ ಮಾಡಬೇಡ. ನಾನು ಇದನ್ನ ಹೊತ್ಕೊಂಡು ತಿರುಗಿದೀನಿ ಆರ್ವಲ್. ರಾತ್ರಿ ನಿನ್ನ ಪಕ್ಕ ಮಲಗಿಕೊಂಡು, ಆ ಮಗುಗೆ ಈಗೆಷ್ಟು ವಯಸ್ಸಾಯ್ತೋ ಅಂತ ಲೆಕ್ಕ ಹಾಕಿದೀನಿ.

ಆರ್ವಲ್ ತನ್ನ ಟೋಪಿಯ ಅಂಚನ್ನು ತಿರುಗಿಸುತ್ತ ಕೂತ. ಅಷ್ಟರಲ್ಲಿ ವರ್ನಾ ಕೈಗವಸನ್ನು ಎತ್ತಿಕೊಂಡು ಬಾತುಕೋಳಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಎದ್ದು ನಿಂತು ಹಸಿರು ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

ವರ್ನಾ: ಕೋಟು ಮೈಮೇಲಿಲ್ಲ. ಈಗ ನಾನು ಸ್ವಯಂಸೇವಕಿ ಅಲ್ಲ, ಅಲ್ವಾ? ಆ ಮಗುಗೆ ಈಗ ಮೂವತ್ತೈದು, ಗ್ಲೆಂಡಾ. ನನ್ನ ಮಗಳದು ಇದು. ಬಾತುಕೋಳಿ ಹೊಲಿದಿದ್ದು ನಾನು.

ಗ್ಲೆಂಡಾ: ನೀನಾ?

ವರ್ನಾ: ಬಾವಿ ಪಂಪ್ ನಮ್ಮನೇದು. ಪಂಪ್ ಬಿಚ್ಚೋಕೆ ಬಂದವನು ನನ್ನ ಮುಖ ನೋಡಿದ. ಪಂಪ್ ಇರ್ಲಿ, ಮಗೂನ ಎತ್ಕೊಂಡು ಟ್ರಕ್ ಹತ್ತು ಅಂದ. ಎರಡು ಜಿಲ್ಲೆ ದಾಟಿ ಆಶ್ರಯ ಮನೆಗೆ ಬಿಟ್ಟುಬಂದ. ಅವನು ಅವತ್ತು ಬರದೇ ಇದ್ದಿದ್ರೆ ನಾನು ಇವತ್ತು ನಿಮ್ಮ ರಿಟರ್ನ್ ತುಂಬ್ತಿರಲಿಲ್ಲ.

ಗ್ಲೆಂಡಾ: ಇದನ್ನ ನನಗೆ ಹೇಳೋಕೇನಾಗಿತ್ತೋ ನಿನಗೆ?

ಆರ್ವಲ್: ಅಲ್ಲಿದ್ದ ಹೆಂಗಸು ಯಾರಿಗೂ ಹೇಳಬೇಡ ಅಂತ ಮಾತು ತಗೊಂಡ್ಳು.

ವರ್ನಾ: ವಿಳಾಸ ಹೇಳಬೇಡ ಅಂದಿದ್ದು ಮಾರಾಯ. ಮನೆ ಎಲ್ಲಿದೆ ಅನ್ನೋದನ್ನ ಮಾತ್ರ ಹೇಳಬೇಡ ಅಂದಿದ್ದು. ಹೆಂಡತಿಗೆ ವಿಷಯ ಹೇಳಬೇಡ ಅಂತ ಯಾರಂದ್ರು?

ಆರ್ವಲ್: ವಿಷಯ ಹೇಳಿದ್ರೆ ಇವಳು ವಿಳಾಸ ಕೇಳದೆ ಬಿಡ್ತಾಳಾ? ಒಂದು ಬಾಯಿ ಬಿಟ್ರೆ ಇನ್ನೊಂದೂ ಬರುತ್ತೆ ಅಂತ ಪೂರ್ತಿ ಮುಚ್ಕೊಂಡೆ.

ವರ್ನಾ: ಅಯ್ಯೋ ದೇವರೇ. ಇವನು ಮಾರನೇ ದಿನವೇ ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ ಗ್ಲೆಂಡಾ. ಎಲ್ಲ ಗೊತ್ತಿದ್ದೂ ಒಬ್ಬರ ಹತ್ರಾನೂ ಆಡಿಲ್ವಲ್ಲ, ಎಂಥ ದೊಡ್ಡ ಮನಸ್ಸು ಅಂತ ಪ್ರತಿ ಕ್ರಿಸ್‌ಮಸ್‌ಗೂ ನಿನಗೆ ಜಾಮ್ ಕಳಿಸ್ತಿದ್ದೆ.

ಗ್ಲೆಂಡಾ: ಅದು ಚರ್ಚಿನವರು ಎಲ್ಲರಿಗೂ ಹಂಚೋದು ಅಂದ್ಕೊಂಡಿದ್ದೆ. ನನಗೆ ಗೊತ್ತಿದ್ದಿದ್ರೆ ಇಡೀ ಊರಿಗೆ ಗೊತ್ತಾಗಿರ್ತಿತ್ತು ವರ್ನಾ.

ವರ್ನಾ: ಹೌದಲ್ವಾ.

ಗ್ಲೆಂಡಾ ಮೂಗು ಒರೆಸಿಕೊಂಡು ಗಂಡನ ಕಡೆ ತಿರುಗಿದಳು.

ಗ್ಲೆಂಡಾ: ಸರಿ. ಆ ಮನೆ ಇರೋದಾದ್ರೂ ಎಲ್ಲಿ?

ಆರ್ವಲ್: ಹೇಳೋ ಹಾಗಿಲ್ಲ.

ಗ್ಲೆಂಡಾ: ಈಗಲೂ?

ಆರ್ವಲ್: ಈಗಲೂ ಅಲ್ಲಿ ಯಾರೋ ಇರ್ತಾರಲ್ಲೇ.

ಗ್ಲೆಂಡಾ ಅವನ ಟೋಪಿಯನ್ನು ಕಿತ್ತುಕೊಂಡು ಅವನ ತಲೆಗೆ ನೆಟ್ಟಗೆ ಹಾಕಿದಳು.

ಗ್ಲೆಂಡಾ: ವರ್ನಾ, ಕೋಟು ಹಾಕ್ಕೋ. ಇಪ್ಪತ್ತಲ್ಲ, ನಲವತ್ತು ಒತ್ತು. ಸಹಿ ಎಲ್ಲಿ?

ಆರ್ವಲ್: ನಲವತ್ತಾ? ಟ್ರಕ್ಕಿನ ದೀಪಕ್ಕೆ ಇಟ್ಕೊಂಡಿದ್ದೆ ಕಣೇ.

ಗ್ಲೆಂಡಾ: ಒಂದೇ ದೀಪದಲ್ಲಿ ಓಡ್ಸು. ಹೋಗಿ ಚೆರ್ರಿ ತಗೊಂಡು ಬಾ. ದಾರೀಲಿ ಯಾರನ್ನಾದ್ರೂ ಎಲ್ಲಿಗಾದ್ರೂ ಬಿಡೋದಿದ್ರೆ ಫೋನ್ ಮಾಡಿ ಹೇಳು, ಓವನ್ ಆರಿಸಿಡ್ತೀನಿ.

ಆರ್ವಲ್ ತನ್ನ ವಯಸ್ಸಿಗೆ ಹೊಂದದ ವೇಗದಲ್ಲಿ ಹೊರಗೆ ಹೋದ. ವರ್ನಾ ಕೈಗವಸನ್ನು ತನ್ನ ಜೇಬಿಗೆ ಹಾಕಿಕೊಂಡು ಹದಿನೇಳು ಅಂತ ಕರೆದಳು. ಮಂಡಿಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋಗಿ ಕೂತೆ. ನನ್ನ ಕಾಗದಗಳೆಲ್ಲ ಸರಾಗವಾಗಿ ಮುಗಿದು, ಕೊನೆಗೆ ಆ ಪಟ್ಟಿ ಬಂತು.

ವರ್ನಾ: ಯಾವುದಾದ್ರೂ ನಿಧಿಗೆ ಕೊಡೋಕೆ ಇಷ್ಟ ಇದ್ಯಾ? ನಾನು ಏನೂ ಹೇಳೋ ಹಾಗಿಲ್ಲ.

ಹಿಂದಿನಿಂದ ಕೆಮ್ಮಿದ ಸದ್ದು. ತಿರುಗಿ ನೋಡಿದರೆ ಗ್ಲೆಂಡಾ ಮನೆಗೆ ಹೋಗಿರಲೇ ಇಲ್ಲ. ನಾನು ಬಿಟ್ಟುಬಂದ ಪುಟಾಣಿ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಭದ್ರವಾಗಿ ಕೂತಿದ್ದಳು.

ಗ್ಲೆಂಡಾ: ಆ ನಿಯಮ ಸ್ವಯಂಸೇವಕರಿಗೆ ಮಾತ್ರ ಕಣಪ್ಪ. ನಾನು ಹೇಳಬಹುದು.